ಮ್ಯಾಟಿನಿ ಬಿಟ್ಟ ಮೇಲೆ ನಾಗಮಣಿ ಹೇಳಿದ್ದು

ಟಾಕೀಸಿನ ಬಾಗಿಲು ತೆರೆದ ಮೇಲೆ ನಿಮಗೆ ಸಿಗುವುದು ಹೆಚ್ಚೆಂದರೆ ಏಳು ನಿಮಿಷ. ಅಷ್ಟರೊಳಗೆ ಅರ್ಧ ಜನ ಬೈಕು ಸ್ಟಾರ್ಟ್ ಮಾಡಿರುತ್ತಾರೆ, ಉಳಿದರ್ಧ ಬಸ್‌ಸ್ಟ್ಯಾಂಡಿನ ದಾರಿ ಹಿಡಿದಿರುತ್ತಾರೆ. ಮೊದಲು ಹೊರಬರುವವನನ್ನು ನಿಲ್ಲಿಸಬೇಡಿ, ಇಂಟರ್‌ವಲ್ಲಿನಿಂದ ತಡೆದುಕೊಂಡಿರುತ್ತಾನೆ. ಕೊನೆಗೆ ಬರುವವನನ್ನೂ ನಿಲ್ಲಿಸಬೇಡಿ, ಒಳಗೆ ನಿದ್ದೆ ಮಾಡಿರುತ್ತಾನೆ. ನಡುವಿನಲ್ಲಿ ಪಕ್ಕದವರ ಜೊತೆ ಕೈ ಬೀಸಿ ಜಗಳವಾಡುತ್ತಾ ಬರುವವರಿರುತ್ತಾರಲ್ಲ, ನಿಮಗೆ ಬೇಕಾದವರು ಅವರು.

ಚಾಮರಾಜನಗರದ ಒಂದು ಜಿಲ್ಲಾ ಪತ್ರಿಕೆಯಲ್ಲಿ ಮೂವತ್ತು ವರ್ಷದ ಹತ್ತಿರ ವರದಿಗಾರ್ತಿಯಾಗಿದ್ದೆ. ಪುರಸಭೆಯ ಗಲಾಟೆ, ಹಂಗಳದ ಹೊಲಕ್ಕೆ ಬಂದ ಆನೆ, ಸಂತೆಮರಹಳ್ಳಿ ಸಂತೆಯ ಟೊಮ್ಯಾಟೊ ಧಾರಣೆ, ಎಲ್ಲ ಬರೆದೆ. ಆದರೆ ಜನ ನನ್ನನ್ನು ಗುರುತಿಟ್ಟುಕೊಂಡಿದ್ದು ಪ್ರತಿ ಹೊಸ ಸಿನಿಮಾಕ್ಕೆ ಟಾಕೀಸಿನ ಮುಂದೆ ನಿಂತು ಪ್ರೇಕ್ಷಕರ ಅಭಿಪ್ರಾಯ ಕೇಳುವ ‘ಪೇಪರಮ್ಮ’ ಎಂದು. ಈಗ ಈ ಕೆಲಸಕ್ಕೆ ಬರುತ್ತಿರುವ ಹುಡುಗ ಹುಡುಗಿಯರು ಆಗಾಗ ಫೋನ್ ಮಾಡಿ, “ಮೇಡಂ, ಏನಾದ್ರೂ ಟಿಪ್ಸ್ ಕೊಡಿ” ಅನ್ನುತ್ತಾರೆ. ಏಳು ನಿಮಿಷದ ಲೆಕ್ಕವೊಂದೇ ನನ್ನ ಟಿಪ್ಸು. ಉಳಿದದ್ದನ್ನೆಲ್ಲ ನಾನು ತಪ್ಪು ಮಾಡಿ ಕಲಿತವಳು. ಆ ತಪ್ಪುಗಳನ್ನೇ ಹೇಳುತ್ತೇನೆ.

ಸೇರಿದ ಹೊಸದರಲ್ಲಿ ನನಗೆ ಸಿಕ್ಕ ಸಂಪಾದಕರು ಮರಿಸ್ವಾಮಿ. ಅವರ ಮೇಜಿನ ಮೇಲೆ ಕೆಂಪು ಪೆನ್ನೊಂದು ಸದಾ ಮುಚ್ಚಳ ತೆಗೆದೇ ಇರುತ್ತಿತ್ತು. ಒಮ್ಮೆ ಹಂಗಳದ ರೈತರೊಬ್ಬರು ಕುಸ್ತಿಯ ಕಥೆಯ ಸಿನಿಮಾ ನೋಡಿ ಹೊರಬಂದು, “ಈರೋ ಪಟ್ಟು ಬುಟ್ರೆ ಇನ್ನೇನಿಲ್ಲ ಕಣಮ್ಮಿ, ಈರೋಯಿನ್ ಬಂದ್ರೆ ಎದ್ದೋಗನ ಅನ್ಸುತ್ತೆ” ಅಂದಿದ್ದರು. ನಾನು ಬಿ.ಎ. ಓದಿದವಳು. ಅದನ್ನು ತೊಳೆದು ಬಳಿದು, “ನಾಯಕನ ಸಾಹಸ ದೃಶ್ಯಗಳು ಅಮೋಘವಾಗಿದ್ದು, ನಾಯಕಿಯ ಪಾತ್ರಪೋಷಣೆಯಲ್ಲಿ ಕೊರತೆ ಕಾಣುತ್ತದೆ” ಎಂದು ಬರೆದುಕೊಟ್ಟೆ. ಪತ್ರಿಕೆ ಬಂದ ಮಾರನೆಯ ದಿನ ಆ ರೈತರು ಬಸ್ಸು ಹತ್ತಿ ನೇರ ಕಚೇರಿಗೆ ಬಂದರು.

“ಸ್ವಾಮೇರಾ, ಇದು ನಾನಾಡಿದ್ ಮಾತಲ್ಲ. ನನ್ ಎಸ್ರಾಕಿ ಯಾರ್ ಮಾತ್ನೋ ಬರ್ದವ್ರೆ. ಊರಲ್ಲಿ ಎಲ್ಲಾ ನನ್ನ ‘ಪಾತ್ರಪೋಷಣೆ’ ಅಂತ ಕರೀತಾವ್ರೆ!”

ಮರಿಸ್ವಾಮಿ ಅವರಿಗೆ ಕಾಫಿ ತರಿಸಿ, ನನ್ನನ್ನು ಕರೆದು, ಅವರೆದುರೇ ಹೇಳಿದರು: “ಇವರ ಬಾಯಿಂದ ಬಂದದ್ದನ್ನ ಇವರು ಓದಿದಾಗ ಗುರುತು ಸಿಗಬೇಕಮ್ಮ. ಸಿಗದಿದ್ದರೆ ಅದು ಅಭಿಪ್ರಾಯ ಅಲ್ಲ, ನಿನ್ನ ಪ್ರಬಂಧ.” ಆ ಹೆಸರು ಮಾತ್ರ ರೈತರಿಗೆ ಅಂಟಿಕೊಂಡಿತು. ತಮ್ಮ ಮಗಳ ಮದುವೆಯ ಕರೆಯೋಲೆ ಕೊಡಲು ಬಂದಾಗಲೂ, “ಪಾತ್ರಪೋಷಣೆ ಬಂದಿವ್ನಿ ಕಣಮ್ಮಿ” ಎಂದೇ ನಗುತ್ತಾ ಒಳಗೆ ಬಂದರು.

ಆಮೇಲೆ ಟೇಪ್‌ರೆಕಾರ್ಡರ್ ಬಂತು. ಪೆನ್ನು ಹಿಡಿದರೆ ಬಾಯ್ತುಂಬ ಮಾತಾಡುತ್ತಿದ್ದ ಜನ ಆ ಕಪ್ಪು ಡಬ್ಬಿ ಕಂಡೊಡನೆ ಎದೆ ಸೆಟೆಸಿ ಆಕಾಶವಾಣಿಯ ವಾರ್ತೆ ಓದಲು ಶುರುಮಾಡುತ್ತಿದ್ದರು. ಗುಂಡ್ಲುಪೇಟೆಯಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಟೇಪಿನ ಒಂದು ಬದಿಯಷ್ಟು ಹೊತ್ತು ಮಾತಾಡಿ, ಎರಡು ಹಾಡು ಹಾಡಿ, ಕೊನೆಗೆ, “ನಾನಿನ್ನೂ ಈ ಸಿನಿಮಾ ನೋಡಿಲ್ಲ, ಟಿಕೆಟ್ಟಿಗೆ ನಿಂತಿದ್ದೇನೆ” ಎಂದರು. ತಪ್ಪು ನನ್ನದೇ. ನೋಡಿದಿರಾ ಎಂದು ನಾನು ಕೇಳಿಯೇ ಇರಲಿಲ್ಲ.

ಮರಿಸ್ವಾಮಿ ತೀರಿಕೊಂಡ ಮೇಲೆ ಹಲವರು ಬಂದು ಹೋದರು. ನನ್ನ ಕೊನೆಯ ವರ್ಷಗಳಲ್ಲಿ ಡೆಸ್ಕಿನ ಮುಖ್ಯಸ್ಥೆಯಾಗಿ ಶ್ವೇತಾ ಬಂದಳು. ನನಗಿಂತ ಇಪ್ಪತ್ತೈದು ವರ್ಷ ಚಿಕ್ಕವಳು, ಕೆಲಸದಲ್ಲಿ ಬಲು ಚುರುಕು. ಅಷ್ಟರಲ್ಲಿ ಪತ್ರಿಕೆಗೊಂದು ವಿಡಿಯೊ ಚಾನೆಲ್ ಹುಟ್ಟಿತ್ತು. ನಾನು ಫೋನಿನಲ್ಲಿ ಅಭಿಪ್ರಾಯ ಹಿಡಿದು ಕಳಿಸಬೇಕು, ಆಕೆ ಕತ್ತರಿಸಿ, ತಲೆಬರಹ ಹಾಕಿ, ಬಿಡಬೇಕು. “ಮೇಡಂ, ಮೂವತ್ತು ಸೆಕೆಂಡಿಗಿಂತ ಜಾಸ್ತಿ ಯಾರೂ ನೋಡಲ್ಲ” ಎನ್ನುವುದು ಅವಳ ದಿನನಿತ್ಯದ ಮಾತು. ಅದು ಸುಳ್ಳೂ ಅಲ್ಲ.

ನಾನು ನಿವೃತ್ತಳಾಗಲು ಒಂದೆರಡು ತಿಂಗಳಿದ್ದಾಗ ‘ಒದ್ದೆ ಬೀದಿ’ ಬಂತು.

ಮೂಲ ‘ಒದ್ದೆ ಬೀದಿ’ ಕಪ್ಪು-ಬಿಳುಪಿನ ಕಾಲದ್ದು. ನಮ್ಮ ಕಡೆಯ ಐವತ್ತು ದಾಟಿದ ಯಾರನ್ನು ಕೇಳಿದರೂ ಅದರ ಕಥೆ ಹೇಳುತ್ತಿದ್ದರು. ಲಾಡ್ಜೊಂದರ ಗುಮಾಸ್ತ, ಅಲ್ಲಿಗೆ ಬರುವ ಲಾರಿ ಮಾಲೀಕನ ಹೆಂಡತಿ. ಗಂಡ ಅವಳನ್ನು ಹೊಡೆಯುವುದು ಗೋಡೆಯ ಮೇಲಿನ ನೆರಳಿನಲ್ಲಷ್ಟೇ ಕಾಣುತ್ತದೆ. ಅವಳು ಗುಮಾಸ್ತನ ಮನಸ್ಸು ತಿರುಗಿಸುತ್ತಾಳೆ, ಇಬ್ಬರೂ ಸೇರಿ ಗಂಡನ ಕಾರನ್ನು ಘಾಟಿಯಿಂದ ಉರುಳಿಸುತ್ತಾರೆ. ಆಮೇಲೆ ಒಬ್ಬರಿಗೊಬ್ಬರ ಮೇಲೆ ನಂಬಿಕೆ ಹೋಗುತ್ತದೆ. ಕೊನೆಗೆ ಮಳೆ ನಿಂತ ಬೀದಿಯಲ್ಲಿ ಗುಮಾಸ್ತ ಅವಳಿಗೆ ಗುಂಡು ಹಾರಿಸಿ, ಪಕ್ಕದಲ್ಲೇ ಕುಳಿತು ಪೊಲೀಸರಿಗೆ ಕಾಯುತ್ತಾನೆ. ಅವಳು ಒಂದು ಮಾತೂ ಆಡದೆ ಸಾಯುತ್ತಾಳೆ. ಒಳ್ಳೆಯವರು ಯಾರೂ ಇಲ್ಲದ, ನೆರಳೇ ಹೆಚ್ಚಿರುವ ಸಿನಿಮಾ.

ಹೊಸದರಲ್ಲಿ ಬಣ್ಣ ಬಂತು, ಎರಡು ಹಾಡು ಬಂತು, ಕೊನೆ ಬದಲಾಯಿತು. ಗಂಡನನ್ನು ಕೊಂದವನು ಬೇರೊಬ್ಬ ಖಳ. ಅವಳು ಶುದ್ಧ ಬಂಗಾರ. ಗುಮಾಸ್ತ ಹನ್ನೆರಡು ಜನರಿಗೆ ಹೊಡೆದು ಅವಳನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋಗುತ್ತಾನೆ.

ಚಾಮರಾಜನಗರದ ಟಾಕೀಸಿನ ಮುಂದೆ ಮೊದಲ ದಿನದ ಮ್ಯಾಟಿನಿ ಬಿಟ್ಟಾಗ ನನ್ನ ಏಳು ನಿಮಿಷದಲ್ಲಿ ಸಿಕ್ಕಷ್ಟು ಫಸಲು ಹಿಂದೆಂದೂ ಸಿಕ್ಕಿರಲಿಲ್ಲ.

“ಫಸ್ಟ್ ಆಫ್ ಸ್ವಲ್ಪ ಲ್ಯಾಗು, ಬಿಜಿಎಂ ಮಾತ್ರ ಬೆಂಕಿ!” ಇದು ಕಾಲೇಜು ಹುಡುಗಿಯೊಬ್ಬಳು.

“ಏನ್ ಬೆಂಕಿ? ಆ ಬಣ್ಣ ನೋಡಿ ಕಣ್ಣು ಉರೀತದೆ. ಅಳೇದ್ರಲ್ಲಿ ನೆರಳಲ್ಲೇ ಎದ್ರುಸ್ತಿದ್ರು. ಇದು ಬಟ್ಟೆ ಅಂಗ್ಡಿ ಜಾಹೀರಾತು ಇದ್ದಂಗದೆ,” ಅಂದರು ಒಬ್ಬ ಹಿರಿಯ ದರ್ಜಿ.

“ಫೋನ್ ಇರೋ ಕಾಲ್ದಲ್ಲಿ ಈ ಕತೆ ನಡೆಯಲ್ಲ ಬುಡಿ. ಲೊಕೇಸನ್ ಆಕಿದ್ರೆ ಅರ್ಧ ಗಂಟೇಲಿ ಮುಗ್ದೋಗದು,” ಎಂದ ಕೊರಿಯರ್ ಹಂಚುವವನೊಬ್ಬ.

ಅವರ ಹಿಂದೆಯೇ ನಲವತ್ತೈದರ ಆಸುಪಾಸಿನ ಹೆಂಗಸೊಬ್ಬಳು ತನ್ನ ಗಂಡನ ಜೊತೆ ವಾದಿಸುತ್ತಾ ಬಂದಳು. ನಾನು ಹೇಳಿದೆನಲ್ಲ, ನಡುವಿನಲ್ಲಿ ಜಗಳವಾಡುತ್ತಾ ಬರುವವರು! ನಿಲ್ಲಿಸಿದೆ. ಹೆಸರು ನಾಗಮಣಿ, ಹರವೆ ಹೋಬಳಿಯ ಒಂದು ಹಳ್ಳಿಯವಳು, ಅಲ್ಲಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ಗಂಡ ಶಿವಣ್ಣ, ಸೈಕಲ್ಲು-ಪಂಪ್‌ಸೆಟ್ಟು ರಿಪೇರಿಯವನು. ಹಳೆಯ ‘ಒದ್ದೆ ಬೀದಿ’ಯನ್ನು ಸಣ್ಣವಳಿದ್ದಾಗ ಟೂರಿಂಗ್ ಟೆಂಟಿನಲ್ಲಿ ತಾಯಿಯ ಜೊತೆ ನೋಡಿದ್ದಳಂತೆ. ಫೋನು ಎತ್ತಿ ಹಿಡಿದೆ. ನಾಗಮಣಿ ಫೋನನ್ನು ಬಿಟ್ಟು ನನ್ನ ಮುಖ ನೋಡಿಕೊಂಡೇ ಮಾತಾಡಿದಳು.

“ಅವ್ಳು ಗಂಡನ್ನ ಸಾಯಿಸ್ದೆ ಇದ್ದಿದ್ರೆ ಅವ್ನೇ ಅವ್ಳ ಸಾಯಿಸ್ಬುಡ್ತಿದ್ದ. ಅಂಗಂತ ಕೊಂದಿದ್ದು ಸರಿ ಅಂತ ನಾನ್ ಯೋಳಲ್ಲ. ತಪ್ಪೇ. ಆದ್ರೆ ಯಾಕ್ ಮಾಡಿದ್ಲು ಅಂತ ಅಳೇದ್ರಲ್ಲಿ ಒಬ್ರಾದ್ರೂ ಕೇಳಿದ್ರಾ? ಬಾಯ್ ಬುಡಕ್ಕೂ ಬುಡ್ದೆ ಸಾಯಿಸ್ಬುಟ್ರು. ಇವ್ರು ಒಸಬ್ರು ಏನ್ ಮಾಡವ್ರೆ? ಅವ್ಳು ಏನೂ ಮಾಡೇ ಇಲ್ಲ ಅಂದ್ಬುಟ್ರು. ಅವ್ಳ್ನ ದೇವ್ರು ಮಾಡಿ ಕೂರ್ಸ್ಬುಟ್ರು. ತಪ್ಪು ಮಾಡಿದೋಳ್ನೂ ಮನ್ಸಳು ಅಂತ ನೋಡಕ್ಕೆ ಇಬ್ರಿಗೂ ಆಗ್ನಿಲ್ಲ.”

ಪಕ್ಕದಲ್ಲಿ ಶಿವಣ್ಣ, “ಬೈಕ್ ಸೀನ್ ಚೆನ್ನಾಗಿತ್ತು ಬುಡು” ಎಂದು ಸಣ್ಣಗೆ ಸೇರಿಸಿದ.

ಇಷ್ಟು ವರ್ಷದಲ್ಲಿ ನಾನು ಹಿಡಿದ ಅತ್ಯುತ್ತಮ ಅಭಿಪ್ರಾಯ ಅದು. ಎಲ್ಲ ವಿಡಿಯೊ ಶ್ವೇತಾಗೆ ಕಳಿಸಿ, ಗುಂಡ್ಲುಪೇಟೆಯ ಒಂದು ಉದ್ಘಾಟನೆಗೆ ಓಡಿದೆ. ಅಲ್ಲಿ ಮಂತ್ರಿಗಳ ಭಾಷಣದ ನಡುವೆ ಫೋನು ಗುಂಯ್‌ಗುಟ್ಟಿತು. ಶ್ವೇತಾ ಕತ್ತರಿಸಿದ ತುಣುಕು ಕಳಿಸಿ, “ಓಕೆನಾ ಮೇಡಂ?” ಎಂದು ಕೇಳಿದ್ದಳು. ತೆರೆದು ನೋಡಲಿಲ್ಲ. ಹೆಬ್ಬೆರಳೆತ್ತಿದ ಚಿತ್ರ ಒತ್ತಿ ಫೋನು ಚೀಲಕ್ಕೆ ಹಾಕಿದೆ.

ಮರುದಿನ ಬೆಳಿಗ್ಗೆ ಆ ತುಣುಕು ಜಿಲ್ಲೆಯನ್ನೆಲ್ಲ ಸುತ್ತಿತ್ತು. ಮೊದಲ ವಾಕ್ಯ ಮಾತ್ರ ಉಳಿದಿತ್ತು. ಮೇಲೆ ತಲೆಬರಹ: ‘ಗಂಡನ ಕೊಂದದ್ದೇ ಸರಿ ಎಂದ ಗೃಹಿಣಿ!’ ಹಿಂದೆ ನಿಂತಿದ್ದ ಶಿವಣ್ಣನ ಪೆಚ್ಚು ಮುಖಕ್ಕೆ ಕೆಂಪು ವೃತ್ತ. ಕೆಳಗೆ ಕಾಮೆಂಟುಗಳು. ‘ಅಣ್ಣ ಹುಷಾರು’, ‘ಅಣ್ಣ ಹೋಟೆಲಲ್ಲಿ ಊಟ ಮಾಡು.’ ಅಲ್ಲಿಯವರೆಗೆ ನಗಬಹುದಿತ್ತು. ಅಷ್ಟರಲ್ಲಿ ಯಾರೋ ಅವಳ ಗುರುತು ಹಿಡಿದು ಬರೆದಿದ್ದರು: ‘ಇವಳು ಶಾಲೆ ಮಕ್ಕಳಿಗೆ ಅಡುಗೆ ಮಾಡೋಳು. ನಿಮ್ಮ ಮಕ್ಕಳನ್ನ ಇವಳ ಕೈಗೆ ಕೊಟ್ಟಿದ್ದೀರಾ?’

ಮೂರನೆಯ ದಿನ ಶಿವಣ್ಣ ಕಚೇರಿಗೆ ಫೋನ್ ಮಾಡಿದ. ಬೈಯಲಿಲ್ಲ. “ಮೇಡಮ್ಮೋರೆ, ಇಸ್ಕೂಲ್ ಕಮಿಟಿಯೋರು ನಾಗಮಣಿಗೆ ಸದ್ಯಕ್ಕೆ ಬರ್ಬ್ಯಾಡ ಅಂದವ್ರೆ. ಸೋಮವಾರ ಮೀಟಿಂಗ್ ಅದೆ. ಅವ್ಳು ಮೂರ್ ದಿನದಿಂದ ಒಂದ್ ಮಾತೂ ಆಡ್ತಿಲ್ಲ. ಅದೇ ನಂಗೆ ಭಯ. ನಮ್ಮನೇಲಿ ಅಂಗೆಲ್ಲ ಆಯ್ತಿರ್ನಿಲ್ಲ.”

ನಾನು ಆ ತುಣುಕನ್ನು ತೆರೆದು ನೋಡಿದ್ದೇ ಆಗ. ಅವಳ ಮಾತು ನಿಂತ ಜಾಗ ನೋಡಿ ಫೋನು ಹಿಡಿದೇ ಎದ್ದೆ. ಶ್ವೇತಾಳ ಮೇಜಿಗೆ ಹೋಗಿ ಜಗಳ ತೆಗೆದೆ. ಅವಳು ಮೆಲ್ಲಗೆ ಫೋನು ತಿರುಗಿಸಿ ನನ್ನ ಹೆಬ್ಬೆರಳನ್ನು ನನಗೇ ತೋರಿಸಿದಳು. ತುಣುಕನ್ನು ಅವಳೇ ಅಳಿಸಿದಳು, ಆದರೆ ಅಷ್ಟರಲ್ಲಿ ಅದು ಸಾವಿರ ಫೋನುಗಳೊಳಗೆ ಕೂತಿತ್ತು.

ಆ ಸಂಜೆಯೇ ಹರವೆ ಬಸ್ಸು ಹತ್ತಿದೆ. ನಾಗಮಣಿಯ ಮನೆಯ ಮುಂದೆ ಶಿವಣ್ಣ ಜಗಲಿಯ ಮೇಲೆ ಬೀದಿಗೆ ಮುಖ ಮಾಡಿ ಕುಳಿತು ಮುದ್ದೆ ನುಂಗುತ್ತಿದ್ದ. ನನ್ನನ್ನು ಕಂಡು ತಟ್ಟೆ ಎತ್ತಿ ತೋರಿಸಿದ.

“ದಿನಾ ಇಲ್ಲೇ ಕುಂತು ಉಣ್ತಿವ್ನಿ ಮೇಡಮ್ಮೋರೆ. ನೋಡ್ಲಿ ಎಲ್ರೂವೆ. ‘ಇನ್ನೂ ಬದುಕಿದ್ಯೇನ್ಲಾ’ ಅಂತಾರೆ. ‘ಎಲ್ಡ್ನೇ ಮುದ್ದೆ ಕಣ್ಲಾ’ ಅಂತೀನಿ.”

ನಾಗಮಣಿ ಒಳಗಿನಿಂದ ಬಂದು ಬಾಗಿಲಿಗೆ ಆತು ನಿಂತಳು. ಕೂರಿ ಅನ್ನಲಿಲ್ಲ. ತಪ್ಪಾಯಿತು ಅಂದೆ. ನೋಡದೆ ಒಪ್ಪಿಗೆ ಕೊಟ್ಟೆ ಎಂದೂ ಹೇಳಿದೆ. “ವಿಡಿಯೊ ಅಳಿಸಿ ಹಾಕಿಸಿದ್ದೇನೆ. ನಿಮ್ಮ ಹೆಸರು ಇನ್ನೆಲ್ಲೂ ಬರದ ಹಾಗೆ ನೋಡಿಕೊಳ್ತೀನಿ.”

ಆಗ ಅವಳು ಬಾಯಿ ತೆರೆದಳು. “ನನ್ ಎಸ್ರು ಯಾಕ್ ತೆಗೀತೀರಿ? ನಾನೇನ್ ಕದ್ದಿದ್ನಾ? ಅರ್ಧ ತಿಂದ್ಬುಟ್ರಲ್ಲ, ಇನ್ನರ್ಧ ಆಕಿ. ನಾನಾಡಿದ್ದು ಪೂರ್ತಿ ಆಕಿ.”

ಅದನ್ನು ಕೇಳಿ ಶಿವಣ್ಣ ತಟ್ಟೆ ಕೆಳಗಿಟ್ಟ. “ಅಬ್ಬಾ, ಮಾತಾಡುದ್ಲು,” ಎಂದು ನನ್ನ ಕಡೆ ನೋಡಿ ನಕ್ಕ. ಆಮೇಲೆ ನನಗೂ ಒಂದು ಮುದ್ದೆ ಬಂತು. ಜಗಲಿಯ ಮೇಲೆ, ಬೀದಿಗೆ ಮುಖ ಮಾಡಿ, ನಾನೂ ಉಂಡೆ.

ಪೂರ್ತಿ ಅಭಿಪ್ರಾಯ ಪತ್ರಿಕೆಯಲ್ಲಿ ಹಾಕಿಸುವುದಕ್ಕೆ ಶ್ವೇತಾಳನ್ನು ಒಪ್ಪಿಸಬೇಕಿತ್ತು. ಅವಳು ಬೇಗನೇ ಒಪ್ಪಿದಳು. ಆದರೆ ಅದರ ಕೆಳಗೆ ನಾನು ಬರೆದ ನಾಲ್ಕು ಸಾಲು ಓದಿ ತಡೆದಳು. ‘ಈ ಪ್ರೇಕ್ಷಕಿಯ ಮಾತನ್ನು ಅರ್ಧಕ್ಕೆ ತುಂಡರಿಸಿ, ಅವರು ಹೇಳದ ಅರ್ಥ ಬರುವಂತೆ ಬಿತ್ತರಿಸಿದ್ದೆವು. ನೋಡದೆ ಅದಕ್ಕೆ ಒಪ್ಪಿಗೆ ಕೊಟ್ಟವಳು ನಾನು’ ಎಂದು ಕೆಳಗೆ ನನ್ನ ಹೆಸರು ಬರೆದಿದ್ದೆ.

“ಮೇಡಂ, ರಿಟೈರ್‌ಮೆಂಟಿಗೆ ಇಷ್ಟು ಹತ್ತಿರ ಬಂದು ಇದೆಲ್ಲ ಯಾಕೆ? ‘ತಾಂತ್ರಿಕ ಕಾರಣ’ ಅಂತ ಹಾಕೋಣ.”

“ಹೆಬ್ಬೆರಳು ತಾಂತ್ರಿಕ ಕಾರಣ ಅಲ್ಲ ಶ್ವೇತಾ.”

ಅವಳು ಕೀಬೋರ್ಡು ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ನನ್ನ ಹೆಸರಿನ ಪಕ್ಕದಲ್ಲಿ ತನ್ನ ಹೆಸರನ್ನೂ ಸೇರಿಸಿದಳು. “ತಲೆಬರಹ ಕೊಟ್ಟಿದ್ದು ನಾನು ತಾನೇ,” ಅಂದಳು. ಅವಳ ಮೇಲೆ ನನಗಿದ್ದ ಸಿಟ್ಟು ಆ ಕ್ಷಣಕ್ಕೆ ಮುಗಿಯಿತು.

ಸೋಮವಾರ ಶಾಲಾ ಸಮಿತಿಯ ಸಭೆಗೆ ಪತ್ರಿಕೆಯ ಪ್ರತಿಯನ್ನೂ, ಪೂರ್ತಿ ವಿಡಿಯೊ ಇದ್ದ ಫೋನನ್ನೂ ಹಿಡಿದು ಹೋದೆ. ಸಮಿತಿಯ ಅಧ್ಯಕ್ಷರು ಗುರುಮಲ್ಲಪ್ಪ, ಅರಿಸಿನ ಬೆಳೆಯುವ ದೊಡ್ಡ ಹಿಡುವಳಿಯವರು, ಹಣೆಯಲ್ಲಿ ವಿಭೂತಿ, ಮುಖದಲ್ಲಿ ನಗುವಿನ ಸುಳಿವಿಲ್ಲ. ಐದನೇ ಕ್ಲಾಸಿನ ಕೋಣೆಯ ಪುಟ್ಟ ಬೆಂಚುಗಳಲ್ಲಿ ಏಳೆಂಟು ಜನ ಮೊಣಕಾಲು ಮಡಚಿ ಕುಳಿತಿದ್ದರು. ನಾಗಮಣಿ ಕಿಟಕಿಯ ಬಳಿ, ಶಿವಣ್ಣ ಬಾಗಿಲಲ್ಲಿ.

“ಸಾಲೆಯ ಮರ್ಯಾದೆ ಪ್ರಶ್ನೆ,” ಎಂದು ಗುರುಮಲ್ಲಪ್ಪ ಶುರುಮಾಡಿದರು. “ಮಕ್ಕಳ ಅಪ್ಪಂದಿರು ನಂಗೆ ಫೋನ್ ಮಾಡ್ತಾವ್ರೆ.”

“ಒಂದು ಸಲ ಪೂರ್ತಿ ಕೇಳಿ,” ಎಂದು ಫೋನನ್ನು ಮೇಜಿನ ಮೇಲಿಟ್ಟೆ. ನಾಗಮಣಿಯ ದನಿ ಕೋಣೆಯಲ್ಲಿ ತುಂಬಿತು. ‘ತಪ್ಪು ಮಾಡಿದೋಳ್ನೂ ಮನ್ಸಳು ಅಂತ ನೋಡಕ್ಕೆ ಇಬ್ರಿಗೂ ಆಗ್ನಿಲ್ಲ’ ಎನ್ನುವಲ್ಲಿ ಮುಗಿಯಿತು.

ಮೊದಲು ಬಾಯಿ ತೆರೆದದ್ದು ಸಮಿತಿಯ ಸದಸ್ಯೆಯೊಬ್ಬಳು. “ಇದ್ರಲ್ಲಿ ಏನ್ ತಪ್ಪದೆ? ನಾನೂ ಆ ಸಿನ್ಮಾ ನೋಡ್ದೆ. ನಂಗೂ ಅಂಗೇ ಅನ್ಸ್ತು.”

“ಅಳೇದ್ರಲ್ಲಿ ಅವ್ಳೇ ಗುಮಾಸ್ತನ್ನ ಕೆಡ್ಸಿದ್ದು,” ಎಂದರು ಹಿಂದಿನ ಬೆಂಚಿನ ಹಿರಿಯರು.

“ಅವ್ನೇನ್ ಹಾಲ್ ಕುಡಿಯೋ ಮಗಾನಾ ಕೆಡಕ್ಕೆ?”

“ಒಸದ್ರಲ್ಲಿ ಬೈಕ್ ಓಡ್ಸೋದು ಡೂಪು ಕಣ್ಲಾ, ನಿಂಗೊತ್ತಾ?”

ಎರಡೇ ನಿಮಿಷದಲ್ಲಿ ಸಭೆ ಮ್ಯಾಟಿನಿ ಬಿಟ್ಟ ಟಾಕೀಸಿನ ಮುಂಬಾಗಿಲಾಯಿತು. ನಾನು ಅಭ್ಯಾಸಬಲದಿಂದ ಪೆನ್ನು ತೆಗೆದೆ. ಗುರುಮಲ್ಲಪ್ಪ ಮೇಜು ಕುಟ್ಟಿ ಎಲ್ಲರನ್ನೂ ಸುಮ್ಮನಾಗಿಸಿ, ನಾಗಮಣಿಯ ಕಡೆ ತಿರುಗಿದರು. ಇನ್ನು ಕೆಲಸ ಹೋಯಿತು ಎಂದುಕೊಂಡೆ.

“ಅಲ್ಲ ಕಣಮ್ಮಿ,” ಅಂದರು ಅವರು, ದನಿ ತಗ್ಗಿಸಿ. “ಅಳೇ ಪಿಚ್ಚರ್ ನಾನು ನಾಕ್ ಸಲ ನೋಡಿವ್ನಿ. ಅವ್ಳು ಸಾಯೋವಾಗ ತುಟಿ ಅಲ್ಲಾಡ್ತದೆ. ಸವುಂಡ್ ಬರಲ್ಲ. ಏನೋ ಯೋಳಕ್ಕೆ ಓಯ್ತಾಳೆ. ಏನಿರ್ಬೋದು?”

“ನಂಗೂ ಅದೇ ಗೊತ್ತಿಲ್ಲ ಯಜಮಾನ್ರೆ. ಅದ್ನ ಕೇಳ್ಬೇಕಾಗಿತ್ತು ಅಂತಲೇ ನಾನ್ ಯೋಳಿದ್ದು.”

ಗುರುಮಲ್ಲಪ್ಪ ತಲೆಯಾಡಿಸಿದರು. “ನಾವೂ ಕೇಳ್ದೇನೆ ಮನೇಗ್ ಕಳ್ಸ್ಬುಟ್ಟೊ ನಿನ್ನ. ನಾಳೆ ಬಾ,” ಅಂದರು. ಬಾಗಿಲಲ್ಲಿದ್ದ ಶಿವಣ್ಣ ಮುಖ ಆಚೆ ತಿರುಗಿಸಿ ಹೆಗಲ ಮೇಲಿನ ಟವೆಲ್ಲಿನಿಂದ ಕಣ್ಣೊರೆಸಿಕೊಂಡ.

ಮಾರನೆಯ ದಿನ ಮಧ್ಯಾಹ್ನದ ಊಟಕ್ಕೆ ಗುರುಮಲ್ಲಪ್ಪ ಕರೆಯದೆಯೇ ಶಾಲೆಗೆ ಬಂದು, ಮಕ್ಕಳ ಸಾಲಿನಲ್ಲಿ ಕುಳಿತು, ಅನ್ನ ಸಾರು ಹಾಕಿಸಿಕೊಂಡು ಉಂಡರಂತೆ. ಉಂಡು ಎದ್ದು, “ಉಪ್ಪು ಒಂಚೂರು ಕಮ್ಮಿ” ಎಂದರಂತೆ. ನಾಗಮಣಿ, “ಉಪ್ಪು ಕಮ್ಮಿ ಆಕಿ ಅಂತ ನಿಮ್ ಕಮಿಟಿಯೋರೇ ಬರ್ಕೊಟ್ಟವ್ರೆ” ಎಂದಳಂತೆ. ಇದೆಲ್ಲ ಶಿವಣ್ಣ ಫೋನಿನಲ್ಲಿ ಹೇಳಿದ್ದು.

ಆಮೇಲೆ ನನ್ನ ನಿವೃತ್ತಿ ಬಂತು. ಹಾರ, ಶಾಲು, ಕೇಕು, ಎರಡು ಭಾಷಣ. ಅದರ ಮುಂದಿನ ವಾರ ನಾಗಮಣಿಯಿಂದ ಫೋನು. ‘ಒದ್ದೆ ಬೀದಿ’ ಗುಂಡ್ಲುಪೇಟೆಗೆ ಬಂದಿದೆ, ಮ್ಯಾಟಿನಿ ಮಾತ್ರ, ಬನ್ನಿ ಹೋಗೋಣ ಅಂದಳು.

“ನೋಡಿದ್ದೀಯಲ್ಲಮ್ಮ?”

“ನಾನ್ ನೋಡಿವ್ನಿ. ನೀವ್ ನೋಡಿದೀರಾ?”

ನೋಡಿರಲಿಲ್ಲ. ನಿಮಗೆ ನಿಜ ಹೇಳಬೇಕು. ಅಭಿಪ್ರಾಯ ಕೇಳಿದ ಸಿನಿಮಾಗಳಲ್ಲಿ ಹತ್ತಕ್ಕೆ ಒಂದನ್ನೂ ನಾನು ನೋಡಿಲ್ಲ. ಹೊರಗೆ ನಿಲ್ಲುವುದೇ ಕೆಲಸವಾಗಿತ್ತು. ಆ ದಿನ ಮೊದಲ ಬಾರಿಗೆ ಆತುರವಿಲ್ಲದೆ ಒಳಗೆ ಕುಳಿತೆ. ಇಡೀ ಟಾಕೀಸಿನಲ್ಲಿ ಹದಿನೈದು ಜನವೂ ಇರಲಿಲ್ಲ. ಹಿಂದಿನ ಸಾಲಿನಲ್ಲಿ ಬಾಳೆಕಾಯಿ ವ್ಯಾಪಾರಕ್ಕೆ ಬಂದಿದ್ದ ಕೇರಳದವರಿಬ್ಬರು ಪ್ರತಿ ಹೊಡೆತಕ್ಕೂ “ಅಯ್ಯೋ” ಅನ್ನುತ್ತಿದ್ದರು. ಬೈಕಿನ ದೃಶ್ಯ ನಿಜಕ್ಕೂ ಚೆನ್ನಾಗಿತ್ತು. ಆ ಬೈಕಿನ ಹಿಂದೆ ಕುಳಿತು ಅವಳು ಗಾಳಿಗೆ ಮುಖ ಕೊಟ್ಟು ನಗುವಾಗ ನಾಗಮಣಿಯ ಕಡೆ ನೋಡಿದೆ. ಅವಳೂ ನಗುತ್ತಿದ್ದಳು, ಕೆನ್ನೆ ಒದ್ದೆಯಾಗಿತ್ತು.

ಹೊರಗೆ ಬಿಸಿಲಿಗೆ ಬಂದು ಟೀ ಕುಡಿಯುವಾಗ ಅವಳು ಲೋಟ ಕೆಳಗಿಟ್ಟು ಹೇಳಿದಳು:

“ಮೇಡಮ್ಮೋರೆ, ನಾನ್ ಆವತ್ ಯೋಳಿದ್ದು ಅರ್ಧ ತಪ್ಪು. ಕತೆ ಸುಳ್ಳೇ ಇರ್ಲಿ ಬುಡಿ. ನಮ್ಮವ್ವ ಅಳೇ ಸಿನ್ಮಾ ನೋಡ್ಬುಟ್ಟು ದಾರೀಲೆಲ್ಲ ಅಳ್ತಾ ಬಂದ್ಲು. ಯಾಕ್ ಅಳ್ತೀಯವ್ವ ಅಂತ ನಾನ್ ಕೇಳ್ನಿಲ್ಲ, ಚಿಕ್ಕೋಳು. ನಮ್ಮಪ್ಪ ಏನ್ ಮಾಡ್ತಿದ್ದ ಅಂತ ಆಮೇಲೆ ಗೊತ್ತಾಯ್ತು. ಅವ್ಳು ಈ ಒಸದ್ನ ನೋಡ್ಬೇಕಿತ್ತು. ಬದುಕ್ಬುಟ್ಟು ಬೈಕಲ್ ಓಯ್ತಾಳಲ್ಲ, ಅದ್ನ ನೋಡ್ಬೇಕಿತ್ತು ನಮ್ಮವ್ವ. ಬರ್ಕೊಳಿ, ನನ್ ಅಭಿಪ್ರಾಯ ಬದ್ಲಾಗದೆ.”

“ನಾನೀಗ ಪೇಪರಿನವಳಲ್ಲ ನಾಗಮಣಿ. ಬರೆದರೂ ಹಾಕುವವರಿಲ್ಲ.”

“ಆಕ್ದೆ ಇದ್ರೆ ಬುಡ್ಲಿ. ನೀವ್ ಪೂರ್ತಿ ಬರ್ಕೊಳಿ.”

ಚೀಲದಲ್ಲಿ ಪೆನ್ನಿತ್ತು, ಪುಸ್ತಕವಿರಲಿಲ್ಲ. ಟೀ ಅಂಗಡಿಯವರಿಂದ ಒಂದು ಹಾಳೆ ಕೇಳಿ ಪಡೆದೆ. ಅವಳು ಇನ್ನೊಮ್ಮೆ ನಿಧಾನವಾಗಿ ಹೇಳಿದಳು. ನಾನು ಒಂದಕ್ಷರ ತಿದ್ದದೆ ಬರೆದುಕೊಂಡು, ಅವಳಿಗೇ ಓದಿ ಹೇಳಿದೆ. ಅವಳು “ಊಂ, ಇದು ನಂದೇ” ಅಂದಳು.